ವಿಲಾಯತಿಯಲ್ಲಿ ಬೆಳೆದ ಕೊಡಗಿನ ಗೌರಮ್ಮ

ರಾಣಿಯ ಧರ್ಮಪುತ್ರಿಯೆನಿಸಿಯೂ ತನ್ನದೆಂಬ ಮನೆಯನ್ನು ಕಾಣದೆ ಬೆಳೆದ ರಾಜಕುಮಾರಿಯ ಕಥೆ

ಕುಂದಾಪುರದಿಂದ ಒಳನಾಡಿನ ಕಡೆಗೆ ಕೆಲವೇ ಮೈಲಿ ನಡೆದರೆ ವಾರಾಹಿಯ ದಂಡೆಯ ಮೇಲೆ ಬಸ್ರೂರು ಸಿಗುತ್ತದೆ. ತೆಂಗಿನ ತೋಟಗಳ ನಡುವೆ ಶಾಂತವಾಗಿ ಮಲಗಿರುವ ಈ ಊರನ್ನು ನೋಡಿದವರಿಗೆ, ಒಂದು ಕಾಲದಲ್ಲಿ ಅರಬ್ಬೀ ಸಮುದ್ರದ ಹೆಸರಾಂತ ಬಂದರುಗಳಲ್ಲಿ ಇದೂ ಒಂದಾಗಿತ್ತೆಂದರೆ ನಂಬುವುದು ಕಷ್ಟ. ಮೂಡುಕೇರಿ, ಪಡುವಕೇರಿಗಳ ಸೆಟ್ಟಿಕಾರರು ಇಲ್ಲಿಂದ ಅಕ್ಕಿಯನ್ನು ಗೋವೆಗೂ ಪಾರಸಿಯ ಕೊಲ್ಲಿಗೂ ಕಳುಹಿಸುತ್ತಿದ್ದರು. ಪೋರ್ಚುಗೀಸರು ಇದನ್ನು ‘ಬಾರ್ಸೆಲೋರ್’ ಎಂದು ಕರೆದು, 1569ರಲ್ಲಿ ಇಲ್ಲಿ ಕೋಟೆಯನ್ನು ಹಿಡಿದು ಕುಳಿತರು. 1665ರಲ್ಲಿ ಶಿವಾಜಿಯು ಹಡಗುಗಳ ದಂಡಿನೊಡನೆ ಬಂದು ಈ ಊರನ್ನು ಸೂರೆಗೈದನೆಂಬುದನ್ನು ಚರಿತ್ರೆಯ ಪುಸ್ತಕಗಳಲ್ಲಿ ಓದುಗರು ಓದಿರಬಹುದು.

ಪೋರ್ಚುಗೀಸರ ಕೈಯಿಂದ ಬಸ್ರೂರನ್ನು ಬಿಡಿಸಿಕೊಂಡವರು ಕೆಳದಿಯ ಅರಸರು. ಶಿವಪ್ಪನಾಯಕನ ಕಾಲದಲ್ಲಿ, 1650ರ ದಶಕದ ಮೊದಲ ವರ್ಷಗಳಲ್ಲಿ, ಕರಾವಳಿಯ ಕೋಟೆಗಳು ಒಂದೊಂದಾಗಿ ಅವರ ವಶವಾದವು. ಘಟ್ಟದ ಮೇಲಿನ ಇಕ್ಕೇರಿ, ಬಿದನೂರುಗಳ ಐಶ್ವರ್ಯಕ್ಕೆ ಘಟ್ಟದ ಕೆಳಗಿನ ಬಸ್ರೂರಿನಂತಹ ಬಂದರುಗಳೇ ಹೆಬ್ಬಾಗಿಲಾದವು. ಈ ಇಕ್ಕೇರಿಯ ಮನೆತನದ ಒಂದು ಕುಡಿ ಜಂಗಮವೇಷದಲ್ಲಿ ಕೊಡಗಿಗೆ ಹೋಗಿ, ಮಡಿಕೇರಿಯ ಸಮೀಪದ ಹಾಲೇರಿಯಲ್ಲಿ ನೆಲೆಸಿ, ಅಲ್ಲಿ ಹೊಸದೊಂದು ರಾಜವಂಶವನ್ನೇ ಕಟ್ಟಿತೆಂದು ಪರಂಪರೆಯು ಹೇಳುತ್ತದೆ. ಕೆಳದಿಯ ದೀಪವು 1763ರಲ್ಲಿ ಹೈದರಾಲಿಯ ಕೈಯಲ್ಲಿ ನಂದಿತು. ಹಾಲೇರಿಯ ದೀಪವು ಮತ್ತೆ ಎಪ್ಪತ್ತೊಂದು ವರ್ಷ ಉರಿಯಿತು.

ಆ ಹಾಲೇರಿ ವಂಶದ ಒಬ್ಬ ಹೆಣ್ಣುಮಗಳ ವೃತ್ತಾಂತವನ್ನು ಇಲ್ಲಿ ಹೇಳಬೇಕಾಗಿದೆ. ಅವಳು ಕೊಡಗಿನ ರಾಜಕುಮಾರಿ. ಆದರೆ ಹುಟ್ಟಿದ್ದು ಕೊಡಗಿನಲ್ಲಲ್ಲ. ಮನೆಯ ಹೆಸರು ಗೌರಮ್ಮ. ಲೋಕವು ಅವಳನ್ನು ಕರೆದದ್ದು ವಿಕ್ಟೋರಿಯಾ ಗೌರಮ್ಮ ಎಂದು. ಓದು, ಸ್ನೇಹ, ಪ್ರೇಮ — ಹದಿಹರೆಯದ ಎಲ್ಲ ಹುಡುಗಿಯರಿಗೂ ಬರುವ ಈ ಮೂರು ಸಂಗತಿಗಳು ಅವಳಿಗೂ ಬಂದವು. ಆದರೆ ಮೂರನ್ನೂ ಅವಳಿಗಾಗಿ ಬೇರೆಯವರೇ ಆರಿಸಿದರು.

ರಾಜ್ಯವಿಲ್ಲದ ರಾಜನ ಮಗಳು

ಗೌರಮ್ಮನ ತಂದೆ ಚಿಕ್ಕವೀರರಾಜೇಂದ್ರ. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರಿಗೆ ಈ ಅರಸನ ಪರಿಚಯವಿದೆ. 1820ರಲ್ಲಿ ಪಟ್ಟಕ್ಕೆ ಬಂದ ಈತನ ಆಳ್ವಿಕೆಯು ಕ್ರೌರ್ಯದ ಅಪವಾದಗಳಿಂದ ಕಪ್ಪಾಯಿತು. ಸ್ವಂತ ತಂಗಿ ದೇವಮ್ಮಾಜಿ ಮತ್ತು ಅವಳ ಪತಿ ಚೆನ್ನಬಸಪ್ಪ ಪ್ರಾಣಭಯದಿಂದ ಮೈಸೂರಿನ ಆಂಗ್ಲ ರೆಸಿಡೆಂಟನ ಆಶ್ರಯಕ್ಕೆ ಓಡಿದರು. ಕಾದು ಕುಳಿತಿದ್ದ ಈಸ್ಟ್ ಇಂಡಿಯಾ ಕಂಪನಿಗೆ ಇಷ್ಟು ನೆಪ ಸಾಕಾಯಿತು. 1834ರ ಏಪ್ರಿಲಿನಲ್ಲಿ ಸೈನ್ಯವು ಮಡಿಕೇರಿಯನ್ನು ಹೊಕ್ಕಿತು; ಮೇ 7ರಂದು ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತೆಂದು ಸಾರಲಾಯಿತು. ಹಿಂದೆ ದೊಡ್ಡವೀರರಾಜೇಂದ್ರನು ಟೀಪುವಿನ ವಿರುದ್ಧ ಇದೇ ಕಂಪನಿಗೆ ಮಾಡಿದ ಸಹಾಯವೆಲ್ಲ ಯಾರಿಗೂ ನೆನಪಿಗೆ ಬರಲಿಲ್ಲ.

ಅರಸನನ್ನು ಮಡಿಕೇರಿಯಿಂದ ಹೊರಡಿಸಿ, ಕೊನೆಗೆ ಕಾಶಿಯಲ್ಲಿ ಇರಿಸಿದರು. ಕಂಪನಿಯ ಪಿಂಚಣಿ, ಕಂಪನಿಯ ಕಾವಲು, ಕಂಪನಿಯ ದಯೆ!

ಹಾಲೇರಿಯ ಹೆಸರು ಮಾತ್ರ ದಕ್ಷಿಣದಲ್ಲಿ ಅಷ್ಟು ಬೇಗ ಅಳಿಯಲಿಲ್ಲ. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಆಂಗ್ಲರು ಕನ್ನಡ ಜಿಲ್ಲೆಗೆ ಜೋಡಿಸಿದರು. ಬಸ್ರೂರು, ಕುಂದಾಪುರಗಳಿದ್ದದ್ದೂ ಅದೇ ಜಿಲ್ಲೆಯಲ್ಲಿಯೇ. ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದು ಹಣವನ್ನೇ ತರಬೇಕೆಂದಾಯಿತು. 1837ರ ವಸಂತದಲ್ಲಿ ಹಾಲೇರಿ ವಂಶವನ್ನು ಮತ್ತೆ ಪಟ್ಟಕ್ಕೆ ತರುತ್ತೇವೆಂದು ಸಾವಿರಾರು ರೈತರು ಎದ್ದರು. ಮಂಗಳೂರಿಗೆ ನಡೆದು, ಕೆಲವು ದಿನಗಳ ಮಟ್ಟಿಗೆ ಆ ಪಟ್ಟಣವನ್ನೇ ವಶಪಡಿಸಿಕೊಂಡರು. ಆ ದಂಗೆಯ ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಹೀಗೆ ದಕ್ಷಿಣದಲ್ಲಿ ಯಾವ ವಂಶದ ಹೆಸರಿನಲ್ಲಿ ಜನರು ಪ್ರಾಣ ತೆತ್ತಿದ್ದರೋ, ಆ ವಂಶದಲ್ಲಿ, ಕಾಶಿಯಲ್ಲಿ, 1841ರ ಜುಲೈ 4ರಂದು ಗೌರಮ್ಮ ಹುಟ್ಟಿದಳು. ತಂದೆಗೆ ಇವಳ ಮೇಲೆ ವಿಶೇಷ ಮಮತೆ. ಅವನ ಮತ್ತೊಬ್ಬ ಮಗಳನ್ನು ನೇಪಾಳದ ಪ್ರಬಲ ಮಂತ್ರಿ ಜಂಗ್ ಬಹಾದೂರ್ ರಾಣಾ ಮದುವೆಯಾದ. ಗೌರಮ್ಮನ ವಿಷಯದಲ್ಲಿ ಮಾತ್ರ ಅರಸನ ಮನಸ್ಸಿನಲ್ಲಿ ಬೇರೆಯೇ ಒಂದು ಯೋಚನೆಯಿದ್ದಿತು.

ಸಮುದ್ರದಾಚೆಗೆ

ಹಾಲೇರಿ ಅರಸರ ಹಣವು ಹಿಂದಿನಿಂದಲೂ ಕಂಪನಿಯ ಬಳಿ ಇದ್ದಿತು. ಅದು ತನಗೆ ಬರಬೇಕೆಂಬುದು ಚಿಕ್ಕವೀರರಾಜೇಂದ್ರನ ವಾದ. ಹಿಂದೂಸ್ಥಾನದಲ್ಲಿ ಯಾರೂ ಕೇಳದ ದೂರನ್ನು ವಿಲಾಯತಿಗೇ ಹೋಗಿ ರಾಣಿಯ ಮುಂದೆ ಇಡಬೇಕೆಂದು ಅವನು ನಿಶ್ಚಯಿಸಿದನು. ಮಗಳಿಗೆ ಆಂಗ್ಲ ವಿದ್ಯಾಭ್ಯಾಸವನ್ನು ಕೊಡಿಸುತ್ತೇನೆಂಬುದು ಪ್ರಯಾಣಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಒಂದು. ಸರ್ಕಾರ ಅನುಮತಿ ಕೊಟ್ಟಿತು. ಸಮುದ್ರಯಾನದಿಂದ ಜಾತಿ ಕೆಡುವುದೆಂದು ದೊಡ್ಡದೊಡ್ಡವರೇ ಹೆದರುತ್ತಿದ್ದ ಕಾಲವದು. ಸೂಯೆಜ್ ಕಾಲುವೆ ತೆರೆಯುವುದಕ್ಕೆ ಇನ್ನೂ ಹದಿನೇಳು ವರ್ಷ ಬಾಕಿಯಿದ್ದಿತು. ಅಂತಹ ದಿನಗಳಲ್ಲಿ, 1852ರಲ್ಲಿ, ತಂದೆ ಮಗಳು ಇಂಗ್ಲೆಂಡಿನಲ್ಲಿ ಇಳಿದರು. ಭಾರತದ ರಾಜಮನೆತನದವರಲ್ಲಿ ಆ ನೆಲವನ್ನು ಮೆಟ್ಟಿದ ಮೊದಮೊದಲಿಗರಲ್ಲಿ ಅವರು ಸೇರುತ್ತಾರೆ.

ಮಗಳನ್ನು ಕ್ರೈಸ್ತ ಮತದಲ್ಲಿ ಬೆಳೆಸಲು ಅರಸನು ಒಪ್ಪಿದನು. ಇದು ಮಗಳ ಭವಿಷ್ಯದ ಮೇಲಿನ ಕಾಳಜಿಯೋ, ಅಥವಾ ರಾಣಿಯ ಕೃಪೆಯಿಂದ ತನ್ನ ದಾವೆಗೆ ಬಲ ಬಂದೀತೆಂಬ ಲೆಕ್ಕಾಚಾರವೋ? ಎರಡೂ ಇದ್ದಿರಬೇಕು. ತಾಯ್ತಂದೆಗಳ ಆಸೆಯಲ್ಲಿ ಮಕ್ಕಳ ಹಿತವೆಷ್ಟು, ತಮ್ಮ ಹಿತವೆಷ್ಟು ಎಂದು ಬೇರ್ಪಡಿಸುವುದು ನಮ್ಮ ನಿಮ್ಮ ಮನೆಗಳಲ್ಲಿಯೂ ಸುಲಭವಲ್ಲ. ಆದರೆ ನಮ್ಮ ಮನೆಗಳಲ್ಲಿ ಪಣಕ್ಕಿಡುವುದು ಕಾಲೇಜಿನ ಒಂದು ಸೀಟನ್ನು. ಈ ಅರಸನು ಪಣಕ್ಕಿಟ್ಟದ್ದು ಹುಡುಗಿಯ ಹೆಸರು, ಮತ, ಭಾಷೆ ಎಲ್ಲವನ್ನೂ.

ಆ ವರ್ಷದ ಬೇಸಿಗೆಯಲ್ಲಿ, ಹನ್ನೊಂದರ ಹೊಸ್ತಿಲಲ್ಲಿದ್ದ ಗೌರಮ್ಮನಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪರೇ ದೀಕ್ಷಾಸ್ನಾನವನ್ನು ಮಾಡಿಸಿದರು. ಧರ್ಮಮಾತೆಯಾಗಿ ನಿಂತವಳು ಸಾಕ್ಷಾತ್ ವಿಕ್ಟೋರಿಯಾ ರಾಣಿ. ರಾಣಿಯು ತನ್ನ ಹೆಸರನ್ನೇ ಹುಡುಗಿಗೆ ಕೊಟ್ಟಳು. ಲಂಡನ್ನಿನ ಪತ್ರಿಕೆಗಳು ಈ ಸಮಾರಂಭವನ್ನು ಸಂಭ್ರಮದಿಂದ ವರ್ಣಿಸಿದವು. ಲಿಂಗವಂತರ ಮನೆಯಲ್ಲಿ ಹುಟ್ಟಿದ ಗೌರಿ ಅಂದಿನಿಂದ ವಿಕ್ಟೋರಿಯಾ ಗೌರಮ್ಮನಾದಳು.

ರಾಣಿಯ ಅಚ್ಚುಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಅದೇ ವರ್ಷ ಅವಳ ಚಿತ್ರವನ್ನು ಬರೆದನು. ಮೈತುಂಬ ಭಾರತೀಯ ಉಡುಗೆ, ಒಡವೆ, ಕೈಯಲ್ಲಿ ಬೈಬಲ್. ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾದ ಚಿತ್ರ! ಶಿಲ್ಪಿ ಮಾರೊಚೆಟ್ಟಿಯು ಬಣ್ಣಗೂಡಿದ ಅಮೃತಶಿಲೆಯಲ್ಲಿ ಅವಳ ಮುಖವನ್ನು ಕಡೆದನು. ಇವು ಇಂದಿಗೂ ಆಂಗ್ಲ ರಾಜಮನೆತನದ ಸಂಗ್ರಹದಲ್ಲಿವೆ.

ಪಾಠ ಹೇಳುವವರು ಹಲವರು, ಜೊತೆಗಾರ್ತಿ ಯಾರೂ ಇಲ್ಲ

ಈಗ ಓದಿನ ವಿಷಯಕ್ಕೆ ಬರೋಣ. ಗೌರಮ್ಮನನ್ನು ಮೊದಲು ಮೇಜರ್ ಡ್ರಮಂಡ್ ಎಂಬ ಅಧಿಕಾರಿಯ ಪತ್ನಿಯ ಕೈಗೆ ಒಪ್ಪಿಸಿದರು. ಆಮೇಲೆ ಸರ್ ಜೇಮ್ಸ್ ಹಾಗ್ ಎಂಬಾತ ಅವಳ ಪೋಷಕನಾದ. ಈತನು ಯಾರೆಂದು ಓದುಗರು ಗಮನಿಸಬೇಕು. ಗೌರಮ್ಮನ ತಂದೆಯು ಯಾವ ಕಂಪನಿಯ ಮೇಲೆ ಹಣದ ದಾವೆ ಹೂಡಲು ಬಂದಿದ್ದನೋ, ಅದೇ ಕಂಪನಿಯ ನಿರ್ದೇಶಕ ಮಂಡಳಿಗೆ ಈತನು ಅಧ್ಯಕ್ಷನಾಗಿದ್ದವನು! ತಂದೆಯ ಎದುರುಕಕ್ಷಿಯ ಮನೆಯಲ್ಲಿ ಮಗಳ ವಿದ್ಯಾಭ್ಯಾಸ ನಡೆಯಿತು.

ಆ ಕಾಲದ ಉನ್ನತ ಆಂಗ್ಲ ಮನೆತನಗಳಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವ ವಾಡಿಕೆ ವಿರಳ. ಮನೆಗೇ ಶಿಕ್ಷಕಿ ಬಂದು ಪಾಠ ಹೇಳುವಳು. ಇಂಗ್ಲಿಷ್ ಭಾಷೆ, ಬೈಬಲ್, ಸಂಗೀತ, ನಡೆನುಡಿ, ಕುಳಿತೇಳುವ ಮರ್ಯಾದೆ — ಗಣ್ಯ ಕುಟುಂಬದ ಹುಡುಗಿಯು ಕಲಿಯಬೇಕಾದ ವಿದ್ಯೆ ಇಷ್ಟು. ಆದರೆ ಆಂಗ್ಲ ಹುಡುಗಿಗೆ ಪಾಠ ಮುಗಿದ ಮೇಲೆ ಓಡಿಹೋಗಿ ಕೂಡಿಕೊಳ್ಳಲು ಅಕ್ಕತಂಗಿಯರು ಇರುತ್ತಿದ್ದರು, ನೆರೆಮನೆಯ ಗೆಳತಿಯರು ಇರುತ್ತಿದ್ದರು. ಗೌರಮ್ಮನಿಗೆ ಶಾಲೆಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಗುಟ್ಟಾಗಿ ನಗುವ ಒಬ್ಬ ಸಹಪಾಠಿಯ ಬೆಲೆ ಎಷ್ಟೆಂದು ಶಾಲೆಗೆ ಹೋದ ಯಾವ ಹುಡುಗಿಯನ್ನು ಕೇಳಿದರೂ ತಿಳಿಯುತ್ತದೆ.

ಇನ್ನು ತಂದೆಯ ಮಾತು. ಅವನು ಅದೇ ಲಂಡನ್ನಿನಲ್ಲಿದ್ದ. ಆದರೂ ಮಗಳ ಭೇಟಿಗೆ ಮಿತಿಯಿದ್ದಿತು. ತಂದೆಯ ಪ್ರಭಾವ ಹೆಚ್ಚಾದರೆ ಹೊಸ ಸಂಸ್ಕಾರವು ಸಡಿಲವಾದೀತೆಂಬ ಶಂಕೆ ಪೋಷಕರಿಗೆ. ಹಾಲೇರಿಯ ಅರಮನೆಯಲ್ಲಿ ಕನ್ನಡಕ್ಕೆ ಸನ್ಮಾನವಿದ್ದಿತು. ವಂಶದ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ದೊಡ್ಡವೀರರಾಜೇಂದ್ರನು ಬರೆಯಿಸಿದ್ದು ಕನ್ನಡದಲ್ಲಿಯೇ. ಆ ವಂಶದ ಕೂಸಿಗೆ ಈಗ ಮನೆಮಾತಿನಲ್ಲಿ ನಾಲ್ಕು ಮಾತಾಡಲು ಅಪ್ಪನ ಹೊರತು ಯಾರಿದ್ದರು?

ಇತ್ತ ನಮ್ಮ ನಾಡಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ನೆನೆಯಬಹುದು. ಕೊಡಗು ಕಂಪನಿಯ ಕೈಸೇರಿದ ವರ್ಷವೇ, ಎಂದರೆ 1834ರಲ್ಲಿಯೇ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿದ್ದರು. ಗೌರಮ್ಮನಿಗೆ ಎರಡು ವರ್ಷ ತುಂಬುವ ಹೊತ್ತಿಗೆ, 1843ರ ಜುಲೈಯಲ್ಲಿ, ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ಕನ್ನಡದ ಮೊದಲ ಪತ್ರಿಕೆಯಾಗಿ ಹೊರಬಿದ್ದಿತು. ಮುಂದೆ ಅದೇ ಮೋಗ್ಲಿಂಗನು ಕೊಡಗಿಗೆ ಹೋಗಿ, ಆ ನಾಡಿನ ಕುರಿತು 1855ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1881ರಲ್ಲಿ. ಅಷ್ಟು ಹೊತ್ತಿಗೆ ಗೌರಮ್ಮ ಮಣ್ಣಾಗಿ ಹದಿನೇಳು ವರ್ಷಗಳಾಗಿದ್ದವು.

ಅದೇ ಅರಮನೆಯ ಮತ್ತೊಬ್ಬ ಹುಡುಗಿ

ವಿಕ್ಟೋರಿಯಾ ರಾಣಿಯ ಕೃಪೆಗೆ ಪಾತ್ರಳಾದ ಪರದೇಶದ ಹುಡುಗಿ ಗೌರಮ್ಮ ಒಬ್ಬಳೇ ಅಲ್ಲ. ಪಶ್ಚಿಮ ಆಫ್ರಿಕದ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂಬವಳ ಕಥೆ ಇನ್ನೂ ವಿಚಿತ್ರ. ದಾಹೊಮಿಯ ಅರಸನ ಸೆರೆಯಲ್ಲಿದ್ದ ಈ ಅನಾಥ ಬಾಲಿಕೆಯನ್ನು ಫೋರ್ಬ್ಸ್ ಎಂಬ ನೌಕಾಧಿಕಾರಿಯು ರಾಣಿಗೆ ಕಾಣಿಕೆಯೆಂದು ಪಡೆದು 1850ರಲ್ಲಿ ಇಂಗ್ಲೆಂಡಿಗೆ ತಂದನು. ರಾಣಿಯು ಅವಳ ವೆಚ್ಚವನ್ನು ವಹಿಸಿಕೊಂಡಳು. ಚಳಿಯು ಅವಳ ಮೈಗೆ ಒಗ್ಗದೆಂದು ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಮಿಷನ್ನಿನ ಬಾಲಿಕಾ ಶಾಲೆಗೆ ಕಳುಹಿಸಿದರು. 1855ರಲ್ಲಿ ಮತ್ತೆ ಇಂಗ್ಲೆಂಡಿಗೆ ಕರೆಸಿಕೊಂಡರು. 1862ರಲ್ಲಿ, ಅವಳಿಗೆ ಮೊದಲು ಮನಸ್ಸಿಲ್ಲದಿದ್ದರೂ, ಲಾಗೋಸಿನ ವರ್ತಕ ಜೇಮ್ಸ್ ಡೇವಿಸ್ ಎಂಬವನಿಗೆ ಮದುವೆ ಮಾಡಿದರು. ಆದರೂ ಸಾರಾಳಿಗೆ ತನ್ನ ಖಂಡಕ್ಕೆ ಮರಳುವ, ಅಲ್ಲಿ ಮನೆ ಕಟ್ಟುವ ಅವಕಾಶ ದೊರೆಯಿತು. ಗೌರಮ್ಮನಿಗೆ ಅಷ್ಟೂ ದೊರೆಯಲಿಲ್ಲ. ಅವಳು ಕೊಡಗನ್ನು ಒಮ್ಮೆಯೂ ಕಾಣಲಿಲ್ಲ.

ರಾಣಿಯು ಕಠಿಣ ಹೃದಯದವಳಾಗಿದ್ದಳೆಂದು ಹೇಳುವಂತಿಲ್ಲ. ಗೌರಮ್ಮನನ್ನು ಅರಮನೆಗೆ ಕರೆಸಿಕೊಳ್ಳುತ್ತಿದ್ದಳು. ಅವಳ ಯೋಗಕ್ಷೇಮವನ್ನು ವಿಚಾರಿಸುತ್ತಿದ್ದಳು. ರಾಣಿಯ ಹಿರಿಯ ಮಗಳು ರಾಜಕುಮಾರಿ ವಿಕ್ಟೋರಿಯಾ ಗೌರಮ್ಮನಿಗಿಂತ ಏಳೆಂಟು ತಿಂಗಳಿಗೆ ಮಾತ್ರ ದೊಡ್ಡವಳು. ಆದರೆ ಆ ರಾಜಕುಮಾರಿಗೆ ಪ್ರಷ್ಯಾದ ರಾಜಕುವರನೊಡನೆ ನಿಶ್ಚಿತಾರ್ಥವಾಗಿ, 1858ರಲ್ಲಿ ಅವಳು ಗಂಡನ ಮನೆಗೆ ಹೊರಟುಹೋದಳು. ಒಂದೇ ಹೆಸರಿನ, ಒಂದೇ ಪ್ರಾಯದ ಇಬ್ಬರು ರಾಜಕುಮಾರಿಯರು. ಒಬ್ಬಳಿಗೆ ಹೋಗಲು ಒಂದು ರಾಜ್ಯವಿದ್ದಿತು, ಹಿಂದಿರುಗಿ ನೋಡಲು ಒಂದು ತವರೂ ಇದ್ದಿತು.

ರಾಣಿ ಕಂಡ ಕನಸು

ಈ ನಡುವೆ 1854ರಲ್ಲಿ ಇಂಗ್ಲೆಂಡಿಗೆ ಇನ್ನೊಬ್ಬ ರಾಜಪುತ್ರ ಬಂದನು. ಪಂಜಾಬದ ಸಿಂಹವೆನಿಸಿದ ರಣಜಿತ್ ಸಿಂಗನ ಮಗ ದಲೀಪ್ ಸಿಂಗ್. ಗೌರಮ್ಮನಿಗಿಂತ ಸುಮಾರು ಮೂರು ವರ್ಷ ಹಿರಿಯ. 1849ರಲ್ಲಿ ಅವನ ರಾಜ್ಯವೂ ಕೊಹಿನೂರ್ ವಜ್ರವೂ ಒಟ್ಟಿಗೇ ಕೈಬಿಟ್ಟಿದ್ದವು. ತಾಯಿಯಿಂದ ಬೇರ್ಪಟ್ಟು, ಸರ್ ಜಾನ್ ಲಾಗಿನ್ ಎಂಬ ವೈದ್ಯನ ಪೋಷಣೆಯಲ್ಲಿ ಬೆಳೆದು, 1853ರಲ್ಲಿ ಕ್ರೈಸ್ತ ಮತವನ್ನು ಸೇರಿದ್ದನು. ವಿಂಟರ್‌ಹಾಲ್ಟರನು ಅವನ ಚಿತ್ರವನ್ನೂ ಬರೆದನು. ಮಾರೊಚೆಟ್ಟಿಯು ಅವನ ಮುಖವನ್ನೂ ಕಡೆದನು.

ರಾಣಿಗೆ ಇದಕ್ಕಿಂತ ಒಪ್ಪುವ ಜೋಡಿ ಉಂಟೆ ಎನಿಸಿತು! ಹುಡುಗನೂ ರಾಜವಂಶದವನು, ಹುಡುಗಿಯೂ ರಾಜವಂಶದವಳು. ಇಬ್ಬರೂ ಹಿಂದೂಸ್ಥಾನದವರು, ಇಬ್ಬರೂ ಕ್ರೈಸ್ತರು, ಇಬ್ಬರೂ ರಾಜ್ಯವನ್ನು ಕಳೆದುಕೊಂಡವರು. ಜಾತಕ ನೋಡುವ ನಮ್ಮ ಜೋಯಿಸರಂತೆ ರಾಣಿಯು ಎಲ್ಲ ಕೂಟಗಳನ್ನೂ ಕೂಡಿಸಿ ನೋಡಿದಳು. ಎರಡು ಕುಟುಂಬಗಳಿಂದ ಭಾರತದಲ್ಲಿ ಕ್ರೈಸ್ತ ರಾಜವಂಶವೊಂದು ಹುಟ್ಟೀತೆಂಬ ಹಂಬಲವೂ ಇದ್ದಿರಬಹುದು.

ಹುಡುಗ ಹುಡುಗಿಯರನ್ನು ಭೇಟಿ ಮಾಡಿಸಿದರು. ಇಬ್ಬರ ನಡುವೆ ಸ್ನೇಹವೇನೋ ಬೆಳೆಯಿತು. ಒಂದೇ ಬಗೆಯ ನೋವನ್ನು ಉಂಡವರಲ್ಲವೆ? ಆದರೆ ದಲೀಪ್ ಸಿಂಗನು ಮದುವೆಗೆ ಒಪ್ಪಲಿಲ್ಲ. ಅವನ ನಿರಾಕರಣೆಯನ್ನು ರಾಣಿಯವರೆಗೆ ಮುಟ್ಟಿಸುವ ಕಷ್ಟದ ಕೆಲಸ ಲಾಗಿನ್ ದಂಪತಿಗಳ ಪಾಲಿಗೆ ಬಂದಿತು. 1916ರಲ್ಲಿ ಪ್ರಕಟವಾದ ಲೇಡಿ ಲಾಗಿನ್ನಳ ಸ್ಮರಣೆಗಳಲ್ಲಿ ಈ ಪ್ರಸಂಗಗಳ ವಿವರವಿದೆ. ಓದುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟದೆ ಇರದು: ಹುಡುಗನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದ್ದಿತು. ಹುಡುಗಿಯ ಒಪ್ಪಿಗೆಯ ಪ್ರಶ್ನೆ ಎರಡನೆಯದಾಗಿಯೇ ಉಳಿಯಿತು.

ಹೃದಯವು ಹಿಡಿದ ದಾರಿ

ಹದಿನಾರು ಹದಿನೇಳರ ಪ್ರಾಯದಲ್ಲಿ ಗೌರಮ್ಮನು ಪೋಷಕರಿಗೆ ‘ತೊಂದರೆಯ ಹುಡುಗಿ’ಯಾದಳು. ಮನೆಯಿಂದ ಮನೆಗೆ ಅವಳ ವಾಸ ಬದಲಾಯಿತು. ಹೀಗಿರುವಾಗ ಮನೆಯ ಆಳುಗಳಲ್ಲಿ ಒಬ್ಬ ತರುಣನ ಮೇಲೆ ಅವಳ ಮನಸ್ಸು ಹೋಯಿತೆಂದೂ, ಅವನೊಡನೆ ಓಡಿಹೋಗುವ ಯೋಚನೆಯವರೆಗೆ ಸಂಗತಿ ಬೆಳೆಯಿತೆಂದೂ ಅವಳ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ವಿಷಯ ಹೊರಬಿದ್ದಿತು. ದೊಡ್ಡ ಮನೆಗಳಲ್ಲಿ ಇಂತಹುದನ್ನು ಮುಚ್ಚಿಹಾಕುವ ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ. ಹುಡುಗಿಯ ಮೇಲೆ ಕಾವಲು ಬಿಗಿಯಾಯಿತು.

ಅವಳನ್ನು ದೂಷಿಸುವ ಮೊದಲು ಸ್ವಲ್ಪ ಯೋಚಿಸೋಣ. ಔತಣಕೂಟಗಳಲ್ಲಿ ಅವಳನ್ನು ನೋಡುತ್ತಿದ್ದವರ ಕಣ್ಣಿನಲ್ಲಿ ಅವಳು ‘ಕೊಡಗಿನ ರಾಜಕುಮಾರಿ’, ರಾಣಿಯ ಧರ್ಮಪುತ್ರಿ, ಮತಾಂತರದ ಗೆಲುವಿಗೆ ಸಾಕ್ಷಿ. ಪೋಷಕರ ಪಾಲಿಗೆ ಅವಳೊಂದು ಹೊಣೆ. ತಂದೆಯ ಪಾಲಿಗೆ ದಾವೆಯ ಆಸರೆ. ಇವಾವುದೂ ಅಲ್ಲದ ಕೇವಲ ಒಬ್ಬ ಹುಡುಗಿಯೆಂದು ತನ್ನನ್ನು ನೋಡಿದವನ ಕಡೆಗೆ ಅವಳ ಮನಸ್ಸು ಹರಿದಿದ್ದರೆ ಅದರಲ್ಲಿ ಆಶ್ಚರ್ಯವೇನು? ಪದವಿಯ ಅಂತರವು ಹಿರಿಯರಿಗೆ ದೊಡ್ಡದಾಗಿ ಕಂಡಿತು. ಹದಿನಾರರ ಹುಡುಗಿಗೆ ಅದು ಕಾಣದೆ ಹೋಯಿತು.

ಅಷ್ಟರಲ್ಲಿ 1857ರ ದಂಗೆ ನಡೆದಿತ್ತು. ಹಿಂದೂಸ್ಥಾನದವರೆಂದರೆ ಆಂಗ್ಲರ ಮನೆಗಳಲ್ಲಿ ಮೊದಲಿದ್ದ ಕುತೂಹಲ ತಗ್ಗಿ ಸಂಶಯ ಬೆಳೆದ ಕಾಲ. 1858ರಲ್ಲಿ ಕಂಪನಿಯ ಆಳ್ವಿಕೆಯೇ ಕೊನೆಗೊಂಡು, ರಾಣಿಯ ಸರ್ಕಾರ ಅಧಿಕಾರವನ್ನು ವಹಿಸಿಕೊಂಡಿತು. ಚಿಕ್ಕವೀರರಾಜೇಂದ್ರನ ದಾವೆಯು ಲಂಡನ್ನಿನ ನ್ಯಾಯಾಲಯದಲ್ಲಿ ಕುಂಟುತ್ತಲೇ ಇದ್ದಿತು. 1859ರ ಸೆಪ್ಟೆಂಬರಿನಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡನು. ದಾವೆಯೂ ಗೆಲ್ಲಲಿಲ್ಲ. ಯಾವ ಹಣಕ್ಕಾಗಿ ಸಮುದ್ರ ದಾಟಿದ್ದನೋ ಅದು ಬರಲಿಲ್ಲ. ಯಾವ ಮಗಳ ಭವಿಷ್ಯಕ್ಕೆಂದು ಅವಳನ್ನು ಪರರ ಕೈಗೆ ಇತ್ತಿದ್ದನೋ ಆ ಮಗಳು ಹದಿನೆಂಟನೆಯ ವಯಸ್ಸಿನಲ್ಲಿ ತಬ್ಬಲಿಯಾದಳು.

ಮಾಂಗಲ್ಯ ಮತ್ತು ಮರಣ

ಕೊನೆಯ ವರ್ಷಗಳಲ್ಲಿ ಗೌರಮ್ಮನ ಹೊಣೆಯು ಲಾಗಿನ್ ದಂಪತಿಗಳಿಗೆ ಬಂದಿತು. ಅಲ್ಲಿ ಅವಳಿಗೆ ಲೇಡಿ ಲಾಗಿನ್ನಳ ಸೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನ ಪರಿಚಯವಾಯಿತು. ಮದರಾಸು ಸೈನ್ಯದಲ್ಲಿ ಸೇವೆ ಮಾಡಿದ್ದ ಈತನು ವಿಧುರ, ಮಕ್ಕಳಿದ್ದವನು, ವಯಸ್ಸಿನಲ್ಲಿ ಅವಳ ತಂದೆಯಂತಿದ್ದವನು. ಈ ಸಂಬಂಧಕ್ಕೆ ದಲೀಪ್ ಸಿಂಗನೂ ಪ್ರೋತ್ಸಾಹ ಕೊಟ್ಟನು. 1860ರ ಜುಲೈಯಲ್ಲಿ ಮದುವೆ ನಡೆಯಿತು. ವಧುವಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು.

ಮರುವರ್ಷ ಅವಳಿಗೆ ಹೆಣ್ಣುಮಗುವಾಯಿತು. ಮಗುವಿನ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ಆ ಉದ್ದನೆಯ ಆಂಗ್ಲ ಹೆಸರಿನ ನಡುವೆ ‘ಗೌರಮ್ಮ’ ಎಂಬ ನಮ್ಮ ಮನೆಗಳ ಹೆಸರನ್ನು ಉಳಿಸಿದ್ದಾರೆ. ಕಂಪನಿಯು ಕೊಡಗನ್ನು ಕಿತ್ತುಕೊಂಡಿತು. ದೀಕ್ಷೆಯು ಮತವನ್ನು ಬದಲಿಸಿತು. ಕಲಿಸಿದವರು ಭಾಷೆಯನ್ನೂ ಬದಲಿಸಿದರು. ಹೆಸರು ಮಾತ್ರ ತಾಯಿಯಿಂದ ಮಗಳಿಗೆ ದಾಟಿತು.

ಮದುವೆ ಸುಖದ್ದಾಗಲಿಲ್ಲ. ಗೌರಮ್ಮನ ಆರೋಗ್ಯವೂ ಕೆಡುತ್ತ ಬಂದಿತು. ಆ ಕಾಲದಲ್ಲಿ ಮದ್ದೇ ಇಲ್ಲದ ಕ್ಷಯರೋಗ ಅವಳನ್ನು ಹಿಡಿದಿತ್ತು. 1864ರ ಮಾರ್ಚ್ 30ರಂದು, ಇಪ್ಪತ್ತಮೂರು ತುಂಬುವ ಮೊದಲೇ, ಅವಳು ಕಣ್ಣು ಮುಚ್ಚಿದಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಮಗುವಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಕೆಲವು ವರ್ಷಗಳಲ್ಲಿ ಕರ್ನಲ್ ಕ್ಯಾಂಪ್‌ಬೆಲ್ಲನೂ ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದಂತೆ ಕಣ್ಮರೆಯಾದನು. ಎಡಿತ್ ಬೆಳೆದು ದೊಡ್ಡವಳಾಗಿ, ಯಾರ್ಡ್ಲಿ ಎಂಬ ಮನೆತನಕ್ಕೆ ಸೊಸೆಯಾಗಿ ಹೋದಳು.

ಅದೇ 1864ರ ಜೂನ್ ತಿಂಗಳಲ್ಲಿ ದಲೀಪ್ ಸಿಂಗನು ಅಲೆಕ್ಸಾಂಡ್ರಿಯದಲ್ಲಿ ಮದುವೆಯಾದನು. ಕೈಹಿಡಿದವಳು ಕೈರೋವಿನ ಮಿಷನ್ ಶಾಲೆಯಲ್ಲಿ ಬೆಳೆದ ಬಾಂಬಾ ಮ್ಯೂಲರ್. ರಾಜವಂಶದವಳಲ್ಲ, ಅರಮನೆಯನ್ನು ಕಂಡವಳಲ್ಲ. ಅವನೇ ಕಂಡು, ಅವನೇ ಮೆಚ್ಚಿದ ಹುಡುಗಿ. 1886ರಲ್ಲಿ ಅವನು ತನ್ನ ಪೂರ್ವಜರ ಸಿಖ್ ಮತಕ್ಕೆ ಹಿಂದಿರುಗಿದನು. ಇಂಗ್ಲೆಂಡಿನ ಮೇಲೆ ಮುನಿದು, 1893ರಲ್ಲಿ ಪ್ಯಾರಿಸಿನಲ್ಲಿ ಸತ್ತನು. ಗೌರಮ್ಮನಿಗೆ ಮುನಿಯುವಷ್ಟು ಆಯುಷ್ಯವೂ ಇರಲಿಲ್ಲ.

ಮಡಿಕೇರಿಯಲ್ಲಿ ಉಳಿದದ್ದು

ಮಡಿಕೇರಿಗೆ ಪ್ರವಾಸ ಹೋದವರು ಕೋಟೆಯೊಳಗಿನ ಅರಮನೆಯನ್ನೂ, 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನೂ, ಗುಡ್ಡದ ಮೇಲಿನ ಗದ್ದುಗೆಗಳನ್ನೂ ನೋಡಿ ಬರುತ್ತಾರೆ. ಗದ್ದುಗೆಗಳಲ್ಲಿ ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ತಮ್ಮ ರಾಣಿಯರೊಡನೆ ಮಲಗಿದ್ದಾರೆ. ಆ ಸಾಲಿನಲ್ಲಿ ಗೌರಮ್ಮನಿಗೆ ಜಾಗವಿಲ್ಲ. ಬಹುಕಾಲದವರೆಗೆ ಕನ್ನಡಿಗರಿಗೆ ಅವಳ ಹೆಸರೂ ಅಷ್ಟಾಗಿ ತಿಳಿದಿರಲಿಲ್ಲ. ಕೊಡಗಿನ ಲೇಖಕ ಸಿ. ಪಿ. ಬೆಳ್ಳಿಯಪ್ಪನವರು 2010ರಲ್ಲಿ ಅವಳ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಪ್ರಕಟಿಸಿದ ಮೇಲೆ ಹಲವರ ಗಮನ ಅತ್ತ ಹರಿಯಿತು.

ಕಥೆಯಲ್ಲಿ ದುಷ್ಟರೆಂದು ಬೆರಳು ಮಾಡಿ ತೋರಿಸಬಹುದಾದವರು ಹೆಚ್ಚಿಲ್ಲ ಎಂಬುದೇ ಇದರ ವ್ಯಥೆ. ತಂದೆಗೆ ಮಗಳ ಮೇಲೆ ಮಮತೆಯಿದ್ದಿತು. ರಾಣಿಗೆ ಕನಿಕರವಿದ್ದಿತು. ಪೋಷಕರು ತಮಗೆ ತಿಳಿದ ಒಳ್ಳೆಯ ಶಿಕ್ಷಣವನ್ನೇ ಕೊಟ್ಟರು. ಊಟಕ್ಕೆ, ಉಡುಗೆಗೆ, ಗೌರವಕ್ಕೆ ಕೊರತೆಯಿರಲಿಲ್ಲ. ಹುಡುಗಿಗೆ ಏನು ಬೇಕೆಂದು ಅವಳನ್ನೇ ಕೇಳುವುದೊಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಭಾದ್ರಪದ ಮಾಸದಲ್ಲಿ ನಮ್ಮ ಮನೆಗಳಿಗೆ ಗೌರಿ ಬರುತ್ತಾಳೆ. ಗಂಡನ ಮನೆಯಿಂದ ತವರಿಗೆ ಬರುವ ಮಗಳೆಂದೇ ಅವಳನ್ನು ಆದರಿಸಿ, ಬಾಗಿನ ಕೊಟ್ಟು, ಕಣ್ತುಂಬಿ ಬೀಳ್ಕೊಡುವುದು ವಾಡಿಕೆ. ತವರನ್ನೇ ಕಾಣದ ಈ ಗೌರಿಯನ್ನೂ ಆ ದಿನ ಒಮ್ಮೆ ನೆನೆದರೆ ತಪ್ಪಾಗಲಾರದು. ಮನೆಯಲ್ಲಿ ಹದಿಹರೆಯದ ಹೆಣ್ಣುಮಗಳಿದ್ದರೆ, ಅವಳ ಓದು, ಒಡನಾಟ, ಮದುವೆಗಳ ಮಾತು ಬಂದಾಗ ಹಿರಿಯರು ತಾವೇ ಎಲ್ಲವನ್ನೂ ನಿಶ್ಚಯಿಸುವ ಮೊದಲು ಅವಳನ್ನು ಹತ್ತಿರ ಕೂರಿಸಿಕೊಂಡು ನಿನ್ನ ಮನಸ್ಸಿನಲ್ಲಿ ಏನಿದೆ ಮಗಳೇ ಎಂದು ಒಂದು ಮಾತು ಕೇಳಲಿ.